ಬಾಲವಿದ್ದ ಮೀನು

ಪ್ರೀತಿಯ ಅಣ್ಣ,

"ಸತ್ತ ಮೀನು ಎಸೆಯೋಕೆ ಹೊಳೆ ಹುಟ್ಟೋ ಜಾಗಕ್ಕೇ ಹೋಗ್ಬೇಕೇನೇ?" ಎಂದು ಆಡಿಕೊಂಡೆಯಲ್ಲ, ಕೇಳು. ಮರಿ ಮಾಡಿಸುವ ಕೇಂದ್ರದವರು ಹೊಟ್ಟೆ ಸೀಳಿ ಮೊಟ್ಟೆ ತೆಗೆದುಕೊಂಡ ಸಾಲ್ಮನ್‌ಗಳನ್ನು, ಅದೇ ಕಡಲಿಂದ ಹುಟ್ಟಿದ ಹಳ್ಳಕ್ಕೆ ಮರಳಿ ಮೊಟ್ಟೆಯಿಟ್ಟು ಸಾಯುವ ಮೀನುಗಳನ್ನು, ಇಲ್ಲಿನವರು ಹಳ್ಳಕ್ಕೆ ಎಸೆಯುತ್ತಾರೆ. ಅವು ಕೊಳೆತು ಹುಳ ಹೆಚ್ಚಿದರೇ ಮರಿಮೀನುಗಳಿಗೆ ಊಟ. ತಾವಾಗಿ ಈಜಿ ಬಂದವೆಂದು ಯಾರೂ ತಪ್ಪು ತಿಳಿಯಬಾರದು, ಅದಕ್ಕೇ ಮೊದಲು ಬಾಲ ಕತ್ತರಿಸಬೇಕು. ತಾನಾಗಿ ಬಂದ ಮೀನನ್ನು ಇಲ್ಲಿ ಕಂಡು ಎಷ್ಟೋ ವರ್ಷವಾಗಿತ್ತು ಬಿಡು.

ನಿನ್ನೆ ಮೀನೆಸೆಯುವ ನಮ್ಮ ಗುಂಪಿನ ಯಜಮಾನಿ ವರ್ನಾ ಅಜ್ಜಿ ನೀರಿನಿಂದ ಒಂದು ಸತ್ತ ಮೀನೆತ್ತಿ ನನ್ನ ಮೇಲೆ ಹರಿಹಾಯ್ದರು. "ಕಣ್ಣು ಎಲ್ಲಿಟ್ಟಿದ್ದೆ? ಇದರ ಬಾಲ ನಿಮ್ಮಣ್ಣ ಬಂದು ಕತ್ತರಿಸ್ಬೇಕಿತ್ತಾ?"

"ಆಣೆಗೂ ನಾನು ಎಸೆದಿದ್ದಲ್ಲ ಅಜ್ಜಿ!"

ತಿರುಗಿಸಿ ನೋಡಿದರೆ ಅದರ ಹೊಟ್ಟೆ ಸೀಳಿರಲಿಲ್ಲ. ಮೊಟ್ಟೆಯಿಡಲು ಬಾಲದಿಂದಲೇ ಜಲ್ಲಿಯಲ್ಲಿ ಗುಂಡಿ ತೋಡಿ ತೋಡಿ ಅದರ ಅಂಚು ಬೆಳ್ಳಗೆ ಸವೆದಿತ್ತು. ಬೇಸಿಗೆಯಲ್ಲಿ ಈ ಗುಂಪಿನವರು ಹಟ ಹಿಡಿದು, ಮೀನು ಹತ್ತಲಾಗದಂತಿದ್ದ ರಸ್ತೆಯಡಿಯ ಇಕ್ಕಟ್ಟಿನ ಮೋರಿ ಒಡೆಸಿ ಅಗಲ ಮಾಡಿಸಿದ್ದರಲ್ಲ, ಅದನ್ನು ದಾಟಿ ಬಂದಿದೆ!

ಪಕ್ಕದ ಹಳ್ಳದ ಮೋರಿಯನ್ನೂ ಅಗಲ ಮಾಡಿಸಿದರೆ ದುಡ್ಡು ದಂಡ ಎನ್ನುತ್ತಿರುವ ಜಿಲ್ಲಾ ಕಚೇರಿಯವರಿಗೆ ಇದನ್ನು ಒಯ್ದು ತೋರಿಸೋಣ ಎಂದೆ.

"ಇದು ಇಷ್ಟು ದೂರ ಈಜಿ ಬಂದಿದೆ. ಅವರು ಕಾರಲ್ಲಿ ಬರೋಕಾಗಲ್ವಾ?" ಎಂದು ಅಜ್ಜಿ ಅದನ್ನು ಬಾಲದ ಸಮೇತ ನೀರಿಗೇ ಬಿಟ್ಟರು.

ಅವರು ಬಂದು ನೋಡುವ ತನಕ ನಾವು ಇಲ್ಲಿಂದ ಕದಲುವುದಿಲ್ಲ. ನನಗೆ ಶೀತ ಬಿಟ್ಟಿದೆ, ಮೀನಿನ ನಾತ ಬಿಟ್ಟಿಲ್ಲ. ನಿನ್ನ ಉದ್ದ ಬೂಟು ನನಗೆ ಬೇಕು. ಅಂಚೆಯಲ್ಲಿ ಕಳಿಸಬೇಡ, ಹಾಕಿಕೊಂಡೇ ಬಾ.

ತಂಗಿ ಡಾರ್ಸಿ