ಮುತ್ತಾತನ ಉಕ್ಕಿನ ಟೋಪಿ

ನವೆಂಬರ್ 9, ಭಾನುವಾರ. ಕಿರುಗಾವಲು.

ಟೋಪಿ ಅಸಲಿ. ಮುತ್ತಾತ ಸುಳ್ಳು ಹೇಳಿರಲಿಲ್ಲ. ಮೊದಲ ಮಹಾಯುದ್ಧಕ್ಕೆ ಕುದುರೆ ನೋಡಿಕೊಳ್ಳಲು ಹೋದವನು ಜರ್ಮನ್ ಸಿಪಾಯಿಯ ಟೋಪಿ ತಂದನೆಂದರೆ ಊರು ಇಂದಿಗೂ ನಗುತ್ತದೆ, ಗುಜರಿಯಲ್ಲಿ ಸಿಕ್ಕಿದ್ದೆಂದು.

ಹಳೆಯ ಸೇನಾ ಸಾಮಾನು ಪರೀಕ್ಷಿಸುವ ಶಶಿಧರ್ ಮೈಸೂರಿನಿಂದ ಬಂದಿದ್ದರು. ಹೊರಮೈ ನೋಡಿದವರೇ ಹುಬ್ಬು ಗಂಟಿಕ್ಕಿದರು. ಮೂಲ ಬಣ್ಣವೇ ಉಳಿದಿಲ್ಲ, ಏನೆಂದು ಹೇಳಲಿ ಎಂದರು. ಹೇಗೆ ಉಳಿದೀತು? ಪ್ರತಿ ಆಯುಧಪೂಜೆಗೂ ಅವ್ವ ಕುಡುಗೋಲು, ಮಚ್ಚಿನ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ಉಜ್ಜಿ, ಕುಂಕುಮ ಇಟ್ಟಿದ್ದಾಳೆ.

"ನಾನೇ ಆಳ್ಮಾಡ್ಬುಟ್ನೇನ್ಲಾ?" ಅಂದಳು ನನಗೆ, ಮೆಲ್ಲಗೆ. ಅವಳ ಮುಖ ನೋಡಲಾಗಲಿಲ್ಲ.

ಶಶಿಧರ್ ಟೋಪಿ ಮಗುಚಿ ಒಳಗೆ ಟಾರ್ಚ್ ಬಿಟ್ಟರು. ಹಳೆಯ ಬಣ್ಣ ಹಾಗೇ ಇತ್ತು. ಒಣಗಿದ ಚರ್ಮದ ಚೂರು, ಅಂಚಿನೊಳಗೆ ಕಾರ್ಖಾನೆಯ ಮುದ್ರೆ. ಬಹಳ ಹೊತ್ತು ನೋಡಿದರು.

"ಇಷ್ಟು ಸಾಕು, ಅಸಲಿನೇ. ಒಳಗಡೆ ಯಾಕಮ್ಮ ಉಜ್ಜಲಿಲ್ಲ?"

"ಯಾರ್ದೋ ಮಗನ ತಲೆ ಇದ್ದ ಜಾಗ ಕಣಪ್ಪ. ಅಲ್ಲಿಗೆ ಕೈ ಆಕಕ್ಕೆ ಮನ್ಸು ಬರ್ನಿಲ್ಲ."

ಎದೆ ಹಗುರಾಗಿದೆ. ಊರಿಗೆ ನಾಳೆ ಹೇಳಿದರಾಯಿತು. ಈಗಷ್ಟೇ ಟೋಪಿಯನ್ನು ಗೂಡಿನಲ್ಲಿ ಬೋರಲು ಹಾಕಿ ಬಂದೆ. ನನಗೂ ಒಳಗೆ ಕೈ ಹಾಕಲಾಗಲಿಲ್ಲ, ಅಂಚು ಹಿಡಿದೇ ಎತ್ತಿಟ್ಟೆ.