ಮುನಿಶಾಮಿಯ ಬೆನ್ನು, ಜಾಜಿಯ ಹಾಸಿಗೆ

ಚಿಂತಾಮಣಿ ಸೀಮೆ,
ಫೆಬ್ರವರಿ ಮೂವತ್ತು, ೨೨೩೧

ಇನ್ನೂರು ವರ್ಷದ ಹಿಂದೆ ಹಸು ಸಾಕುತ್ತಿರುವ ನಮ್ಮ ಹಿರಿಯರಿಗೆ ಅಮರಾವತಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಪೂರ್ತಿ ತಿಂಗಳಿನ ಮರ್ಯಾದೆ ಸಿಕ್ಕಿದೆ. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ, ಬಿಡಿಸಿ ಹೇಳುತ್ತಾ ಹೋಗುತ್ತೇನೆ.

ನಾವು ಹಸುಗಳನ್ನು ಕಟ್ಟಿಹಾಕುವುದಿಲ್ಲ. ಅವು ದೊಡ್ಡ ಚಾವಣಿಯಡಿ ಬೆಚ್ಚಹಾಸಿನ ಮೇಲೆ ಇಷ್ಟ ಬಂದಲ್ಲಿ ಮಲಗುತ್ತವೆ. ಮರದ ಹೊಟ್ಟು, ಕಡಲೆಕಾಯಿ ಸಿಪ್ಪೆ ದಪ್ಪಗೆ ಹರವಿ, ಬಿದ್ದ ಸಗಣಿ ಗಂಜಲದ ಸಮೇತ ಬೆಳಿಗ್ಗೆ ಸಂಜೆ ಉತ್ತು ತಿರುವಿದರೆ, ಗಾಳಿಯಾಡಿ ಒಳಗೊಳಗೇ ಗೊಬ್ಬರವಾಗುತ್ತಾ ಕಾವೇರುತ್ತದೆ. ಆ ಕಾವಿಗೆ ಮೇಲ್ಪದರ ಒಣಗುತ್ತದೆ. ಅದೇ ಬೆಚ್ಚಹಾಸು. ವರ್ಷಕ್ಕೊಮ್ಮೆ ಬೆನ್ನೊಪ್ಪ ನಡೆಯುತ್ತದೆ, ಅಂದರೆ ಮನೆಯ ಯಜಮಾನ ಬಿಳಿ ಅಂಗಿ ತೊಟ್ಟು ಊರವರೆದುರು ಆ ಹಾಸಿನ ಮೇಲೆ ಅಂಗಾತ ಮಲಗಿ ಏಳಬೇಕು. ಬೆನ್ನು ಒದ್ದೆಯಾದರೆ ಅವನ ಒಳ್ಳೆಯ ಹಸು ಪಕ್ಕದ ಮನೆಗೆ ಹೋಗುತ್ತದೆ. ಗೇಟು ದಾಟುವ ಮೊದಲು ಹಸು ತಾನಾಗಿ ಆ ಹಾಸಿನ ಮೇಲೇ ಮಲಗಿಬಿಟ್ಟರೆ ಮಾತ್ರ ತೀರ್ಪು ರದ್ದು.

ನನ್ನ ಗಂಡ ಮುನಿಶಾಮಿಗೆ ಅಚ್ಚುಕಟ್ಟಿನ ಹುಚ್ಚು. ಊರವರು ಬರುತ್ತಾರೆಂದು ವಾರ ಮೊದಲೇ ಉಳುವುದನ್ನು ನಿಲ್ಲಿಸಿ, ಹಾಸಿನ ಮೇಲೆ ರೋಲರ್ ಉರುಳಿಸತೊಡಗಿದ. ಹಸುಗಳು ತುಳಿದಲ್ಲೆಲ್ಲ ಹೊಸ ಹೊಟ್ಟು ಉದುರಿಸಿ ಮತ್ತೆ ಉರುಳಿಸಿದ. ಗಾಳಿಯಾಡದೆ ಒಳಗೆಲ್ಲ ಒದ್ದೆಯಾಗುತ್ತದೆ, ಬೇಡವೆಂದು ಬಡಕೊಂಡೆ. "ಸುಮ್ಕಿರೇ, ನಿಂಗೇನ್ ಗೊತ್ತಾಗ್ತೈತೆ" ಅಂದ. ಬೆನ್ನೊಪ್ಪದ ದಿನ ನಟ್ಟನಡುವೆ ರಂಗೋಲಿಯನ್ನೂ ಬಿಟ್ಟ ಪುಣ್ಯಾತ್ಮ! ಕಂಬದ ಹಿಂದಿನ ಮೂಲೆಗೆ ಮಾತ್ರ ರೋಲರ್ ಹಿಡಿಸುತ್ತಿರಲಿಲ್ಲ. ಅಷ್ಟು ಜಾಗವನ್ನು ನಾನು ಸಲಿಕೆಯಲ್ಲೇ ದಿನಾ ತಿರುವುತ್ತಿದ್ದೆ. ನನ್ನ ಜಾಜಿ ಮಲಗುವುದು ಅಲ್ಲೇ. ತಾಯಿ ಸತ್ತ ಕರು ಅದು, ಬಾಟಲಿ ಹಾಲು ಕುಡಿಸಿ ಬೆಳೆಸಿದ್ದೆ, ಈಗ ನಮ್ಮ ಮನೆಯ ಒಳ್ಳೆಯ ಹಸು ಅಂದರೆ ಅವಳೇ.

ಮುನಿಶಾಮಿ ರಂಗೋಲಿಯ ಮೇಲೆ ಮದುಮಗನಂತೆ ಮಲಗಿದ. ಎದ್ದಾಗ ಬೆನ್ನಿನಿಂದ ಸಗಣಿ ನೀರು ತೊಟ್ಟಿಕ್ಕುತ್ತಿತ್ತು, ಜೊತೆಗೆ ರಂಗೋಲಿಯ ಮೂರು ಬಣ್ಣ. ತೀರ್ಪು ಹೇಳುವ ಹಿರಿಯಳು ಆಂಜಿನಮ್ಮ, "ಏನಪ್ಪಾ, ಬೆನ್ ಮ್ಯಾಲೆ ಕೆರೆನೇ ಹೊತ್ಕೊಂಡ್ ಎದ್ಯಲ್ಲೋ!" ಅಂದಳು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ನಗು ಬರಲಿಲ್ಲ. ಪಕ್ಕದ ಮನೆಯವರು ಆಗಲೇ ಜಾಜಿಯ ಕೊರಳಿಗೆ ಹಗ್ಗ ಹಾಕುತ್ತಿದ್ದರು. ನಾನು ಎಲ್ಲರೆದುರೇ ಗೊಳೋ ಎಂದು ಅತ್ತುಬಿಟ್ಟೆ.

ಜಾಜಿ ಗೇಟಿನವರೆಗೂ ನಡೆದಳು. ಅಲ್ಲಿ ನಿಂತು, ಹಗ್ಗ ಹಿಡಿದವರನ್ನೂ ಎಳೆದುಕೊಂಡು ಹಿಂದಿರುಗಿ ಕಂಬದ ಮೂಲೆಗೆ ಬಂದು, ಮೂಸಿ ನೋಡಿ, ಮುಂಗಾಲು ಮಡಿಸಿ ಮಲಗಿ ಮೆಲುಕು ಹಾಕತೊಡಗಿದಳು. ಆಂಜಿನಮ್ಮ ಅಲ್ಲಿಯ ಹಾಸನ್ನು ಮುಷ್ಟಿಯಲ್ಲಿ ಹಿಂಡಿದಳು. ತೊಟ್ಟು ನೀರು ಬರಲಿಲ್ಲ, ಬೆಚ್ಚಗೆ ಉಂಡೆಯಾಯಿತು.

"ಈ ಮೂಲೆ ಯಾರ್ದು?"

"ನಂದು" ಅಂದೆ.

"ಅಂಗಾದ್ರೆ ಹಸೂನೂ ನಿಂದೇ ಬುಡು."

ಅಂದಿನಿಂದ ಬೆನ್ನೊಪ್ಪಕ್ಕೆ ಮಲಗುವವಳು ನಾನು, ಎರಡು ಹೊತ್ತೂ ಉಳುವವನು ಮುನಿಶಾಮಿ. ರಂಗೋಲಿ ಮಾತ್ರ ಚೆನ್ನಾಗಿತ್ತೆಂದು ಬರೆಯಲು ಹೇಳಿದ್ದಾನೆ. ಬರೆದಿದ್ದೇನೆ.

ನಿಮ್ಮಲ್ಲಿ ಒಂದೇ ಕೋರಿಕೆ. ಒಂದು ಬಿಳಿ ಅಂಗಿ ತೊಟ್ಟು, ನಿಮ್ಮ ಹಸು ಮಲಗುವ ಜಾಗದಲ್ಲಿ ಒಂದು ಮಧ್ಯಾಹ್ನ ಮಲಗಿ. ಎದ್ದ ಮೇಲೆ ಹಸುವಿನ ಮುಖ ನೋಡಲು ನಾಚಿಕೆಯಾಗದಿದ್ದರೆ ನೆಲ ಹಾಗೇ ಇರಲಿ.