ಜೊತೆಗಾರನಿಲ್ಲದ ಹಾಸ್ಯಗಾರ್ತಿ

ಹನೂರು
೧೪-೧೧-೨೦೨೪, ಗುರುವಾರ

ಚಿರಂಜೀವಿ ರುದ್ರಾಣಿಗೆ ಅಪ್ಪನ ಆಶೀರ್ವಾದಗಳು.

ಮಹಾಜನಗಳೇ, ತಾಯಂದಿರೇ, ಬೇಲಿಯಾಚೆ ನಿಂತು ಪುಕ್ಕಟೆ ನೋಡುವ ಮಹನೀಯರೇ! ಹೀಗೆ ಕೂಗದೆ ನನಗೆ ಮಾತು ಹೊರಡುವುದಿಲ್ಲ, ಕಂದ. ಈ ಸಭೆಯಲ್ಲಿ ಕೂತವಳು ನೀನೊಬ್ಬಳೇ. ನೀನೂ ಫೋನು ಎತ್ತುತ್ತಿಲ್ಲ, ಅದಕ್ಕೇ ಕಾಗದ.

ಸಾಕಾಗಿದೆ, ಸ್ಟ್ಯಾಂಡ್‌ಅಪ್ ಬಿಟ್ಟುಬಿಡುತ್ತೇನೆ ಎಂದು ಮೆಸೇಜು ಹಾಕಿದ್ದೀಯೆ. ಸಾಕಾಗದೆ ಇರುತ್ತದೆಯೇ? ಈ ಸೀಮೆಯಲ್ಲಿ ಒಂಟಿಯಾಗಿ ಮೈಕು ಹಿಡಿದು ನಗಿಸಿದ ಹೆಂಗಸು ನೀನೇ ಮೊದಲು. ಸತ್ತೇಗಾಲದಲ್ಲಿ ನೀನು ಪೂರ್ತಿ ಷೋ ಮುಗಿಸಿ ಇಳಿದ ಮೇಲೆ, ನೋಡಲು ಬಂದಿದ್ದ ಮಾದಸ್ವಾಮಿ ನನ್ನ ಪಕ್ಕಕ್ಕೆ ಬಂದು, "ಸಾ, ಈವಮ್ಮಂದು ಆಯ್ತಲ್ಲ, ಆಸ್ಯದವ್ನು ಯಾವಾಗ ಬತ್ತನೆ?" ಎಂದಿದ್ದ. ನಮ್ಮ ನಾಟಕಗಳಲ್ಲಿ ಹಾಸ್ಯಗಾರ್ತಿ ಎಂದರೆ ಹಾಸ್ಯಗಾರನ ಪಕ್ಕ ನಿಂತು ಬೈಸಿಕೊಳ್ಳುವವಳು ತಾನೇ.

ಯಳಂದೂರಿನಲ್ಲಿ ಆದದ್ದಕ್ಕೆ ಮುತ್ತಯ್ಯನ ಮೇಲೆ ಸಿಟ್ಟಾಗಬೇಡ. ಪ್ರಾರ್ಥನೆ ನುಡಿಸಲು ಬಂದ ಹಾರ್ಮೋನಿಯಂ ಮೇಷ್ಟ್ರು ಅವನು, ಆಮೇಲೂ ರಂಗದ ಕೆಳಗೇ ಕೂತಿದ್ದ. ಪಾತ್ರಧಾರಿ ಮಾತು ಮರೆತು ನಿಂತರೆ ಒಂದು ರಾಗ ಎಳೆದು ಮಾನ ಕಾಪಾಡುವುದು ಅವನು ಕಲಿತ ಧರ್ಮ. ಜನ ನಗಲೆಂದು ನೀನು ಮಾತು ನಿಲ್ಲಿಸಿದಾಗಲೆಲ್ಲ ನುಡಿಸಿಬಿಟ್ಟ. ಬರುತ್ತಿದ್ದ ನಗುವೆಲ್ಲ ರಾಗದಲ್ಲಿ ಕೊಚ್ಚಿಹೋಯಿತು. "ಕೂಸು ಮಾತು ಮರ್ತು ನಿಂತದೆ ಅನ್ಕಂಡೆ ಕಣಣ್ಣೋ, ಕೈ ಸುಮ್ಕಿರ್ನಿಲ್ಲ" ಎಂದು ಇನ್ನೂ ಕೊರಗುತ್ತಿದ್ದಾನೆ.

ಆ ಸುದ್ದಿ, ಈ ಭಾನುವಾರ ನಿನ್ನ ಷೋ ಇಟ್ಟುಕೊಂಡಿರುವ ಕೊಳ್ಳೇಗಾಲದ ಸಂಘಕ್ಕೆ ಮುಟ್ಟಿತು. ರುದ್ರಾಣಿ ನಡುವೆ ಮಾತು ಮರೆಯುತ್ತಾಳೆ, ಭಾನುವಾರ ಗಂಡು ಹಾಸ್ಯಗಾರನೊಬ್ಬ ಜೊತೆಗಿದ್ದರೆ ಮಾತ್ರ ಷೋ ಎಂದು ಸಂಘದವರು ಪಟ್ಟು ಹಿಡಿದರು. ಒಬ್ಬನನ್ನು ಗೊತ್ತೂ ಮಾಡಿದರು. ಅದು ನಿನ್ನ ಕಿವಿಗೆ ಬಿದ್ದ ದಿನವೇ ನಿನ್ನ ಮೆಸೇಜು ಬಂತು. ಅಂದಿನಿಂದ ನಿನ್ನ ಅವ್ವ ನನಗೆ ಅನ್ನ ಬಡಿಸುತ್ತಾಳೆ, ಮಾತು ಬಡಿಸುವುದಿಲ್ಲ.

ಬಿಡಬೇಡ ಎನ್ನಲು ನನಗೆ ಬಾಯಿಲ್ಲ. ನನಗೂ ಸುಸ್ತಾಗಿದೆ, ಮಗಳೇ. ಗಂಟಲು ಇನ್ನೂ ಇದೆ, ಕರೆಯುವವರಿಲ್ಲ. ನಿನ್ನನ್ನು ಕರೆಯುವವರಿದ್ದಾರೆ, ಆದರೆ ಒಬ್ಬಳೇ ಬಾ ಎನ್ನುವವರಿಲ್ಲ. ಯಾವುದು ಹೆಚ್ಚು ಕಷ್ಟವೋ ನನಗೆ ತಿಳಿಯದು. ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು.

ಇತಿ ನಿನ್ನ ಅಪ್ಪ,
ಡ್ರಾಮಾ ಮೇಷ್ಟ್ರು ರಾಮಲಿಂಗಯ್ಯ

ವಿ.ಸೂ.: ಆ ಜೊತೆಗಾರ ಯಾರೆಂದು ಅವರು ನಿನಗೆ ಹೇಳಿರಲಾರರು. ನಾನೇ ಕಣವ್ವ. ಕೇಳಿದ ಕೂಡಲೇ ಒಪ್ಪಿಕೊಂಡೆ. ಬಣ್ಣ ಹಚ್ಚಲು ಯಾರೂ ಕರೆಯದೆ ವರ್ಷಗಳಾಗಿದ್ದವು. ಮೀಸೆಗೆ ಕರಿ ಬಳಿದು ಕನ್ನಡಿಯನ್ನೂ ನೋಡಿಕೊಂಡೆ. ಆಮೇಲೆ ನಿನ್ನ ಮೆಸೇಜು ಬಂತು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋಗಿ, ಬ್ಯಾನರಿನಿಂದ ನನ್ನ ಹೆಸರು ತೆಗೆಸಿ, ರುದ್ರಾಣಿ ಬಂದರೆ ಒಬ್ಬಳೇ ಬರುತ್ತಾಳೆ, ಇಲ್ಲವಾದರೆ ರಂಗ ಖಾಲಿ ಇರಲಿ ಎಂದು ಹೇಳಿ ಬರುತ್ತೇನೆ.